ಚಮ್ಮಾವುಗೆಯ ಒಡೆತನ: ವ್ಯಾಪಾರ ಕಾನೂನಿನ ಒಂದು ದಲಿತ ಓದು

ದಲಿತ ವಿಮರ್ಶೆ ಇಲ್ಲಿಯತನಕ ಓದಿದ್ದು ಹೆಚ್ಚಾಗಿ ಕತೆ, ಕಾವ್ಯ, ಕಾದಂಬರಿ, ಆತ್ಮಕಥನಗಳನ್ನು. ಒಂದು ಕಾದಂಬರಿಯಲ್ಲಿ ಕೇರಿಯ ಮನುಷ್ಯ ಎಲ್ಲಿ ನಿಂತಿದ್ದಾನೆ, ಅವನ ಬಾಯಿಗೆ ಮಾತು ಬಂದಿದೆಯೋ ಇಲ್ಲವೋ, ಅವನ ಪರವಾಗಿ ಯಾರು ಮಾತಾಡುತ್ತಿದ್ದಾರೆ ಅಂತ ಕೇಳುವುದನ್ನು ನಾವು ಕಲಿತೆವು. ಈ ಪ್ರಶ್ನೆಗಳ ಎದುರು ಕನ್ನಡದ ಹಲವು ದೊಡ್ಡ ಕೃತಿಗಳು ಬೇರೆ ಥರ ಕಾಣಿಸಿದವು. ಆದರೆ ನಮ್ಮ ಬದುಕಿನ ಮೇಲೆ ಕಾದಂಬರಿಕಾರರಿಗಿಂತ ಹೆಚ್ಚು ಬರೆದ ಇನ್ನೊಂದು ಗುಂಪಿದೆ. ಕಾಯಿದೆ ಬರೆಯುವವರು, ಅದನ್ನು ಅರ್ಥೈಸಿ ತೀರ್ಪು ಕೊಡುವವರು, ಆ ತೀರ್ಪುಗಳ ಮೇಲೆ ದಪ್ಪ ದಪ್ಪ ಪುಸ್ತಕ ತರುವ ವಿದ್ವಾಂಸರು. ಇವರ ಬರಹಕ್ಕೆ ನಾವು ಅರ್ಜಿ ಬರೆದಿದ್ದೇವೆ, ಧರಣಿ ಕೂತಿದ್ದೇವೆ. ವಿಮರ್ಶೆ ಮಾತ್ರ ಬರೆದಿಲ್ಲ.

ಕೆಳಜಾತಿಗಳ ಮೀಸಲಾತಿ, ದೌರ್ಜನ್ಯ ತಡೆ ಕಾಯಿದೆಗಳನ್ನಾದರೂ ನಾವು ಅಕ್ಷರ ಅಕ್ಷರ ಓದಿದ್ದೇವೆ. ಅಂತರರಾಷ್ಟ್ರೀಯ ವ್ಯಾಪಾರದ ಕಾನೂನು ನಮ್ಮದಲ್ಲ ಅಂತ ಬಿಟ್ಟುಬಿಟ್ಟೆವು. 1991ರ ಕೊನೆಗೆ ಡಂಕೆಲ್ ಕರಡು ಬಂದಾಗ ಕರ್ನಾಟಕದಲ್ಲಿ ದೊಡ್ಡ ಚಳವಳಿಯೇ ನಡೆಯಿತು. ರೈತಸಂಘ 1992ರಲ್ಲಿ ಬೆಂಗಳೂರಿನ ಕಾರ್ಗಿಲ್ ಕಚೇರಿಗೆ ನುಗ್ಗಿತು, ಬೀಜ ಯಾರದು ಅಂತ ಕೇಳಿತು. ಅದು ನ್ಯಾಯವಾದ ಪ್ರಶ್ನೆ. ಆದರೆ ಬೀಜ ಕೇಳಲು ಹೊಲ ಇರಬೇಕು. ಹೊಲ ಇಲ್ಲದವನ ಕೈಯಲ್ಲಿದ್ದ ಉಳಿ, ರಂಪಿಗೆ, ಹದ ಮಾಡಿದ ತೊಗಲು, ಇವು ಯಾರವು ಎಂಬ ಪ್ರಶ್ನೆಯನ್ನು ಆ ಹೊತ್ತಿನಲ್ಲಿ ರೈತ ಚಳವಳಿ ಮುಂದಿಡಲಿಲ್ಲ, ನಾವೂ ಜೋರಾಗಿ ಕೇಳಲಿಲ್ಲ. ಆ ಒಪ್ಪಂದದ ಫಲವಾಗಿ ಬಂದ ಕಾನೂನು ಈಗ ಅಥಣಿ, ನಿಪ್ಪಾಣಿಗಳ ಕೇರಿಯ ಬಾಗಿಲಿಗೆ ಬಂದು ನಿಂತಿದೆ.

ಏಷ್ಯಾದ ವ್ಯಾಪಾರದ ಸರಕುಗಳಲ್ಲಿ ಚರ್ಮದ ಪಾಡೇ ಬೇರೆ. ಜಗತ್ತಿನ ಮಾರುಕಟ್ಟೆಗೆ ಅದು ಬರೀ ಸರಕು. ಇಲ್ಲಿ ಅದನ್ನು ಮುಟ್ಟಿದವನು ಅಸ್ಪೃಶ್ಯ. ಹೀಗಾಗಿ ಚರ್ಮವನ್ನು ಹಿಡಿದುಕೊಂಡು ಎರಡು ಪಠ್ಯಗಳನ್ನು ಓದುತ್ತೇನೆ. ಒಂದು, ಜಪಾನಿನ ಚರ್ಮದ ಬಗ್ಗೆ 1984ರಲ್ಲಿ ಜಿನೀವಾದಲ್ಲಿ ಬಂದ ಗ್ಯಾಟ್ ವರದಿ. ಇನ್ನೊಂದು, ಭಾರತದ 1999ರ ಭೌಗೋಳಿಕ ಸೂಚಕಗಳ ಕಾಯಿದೆ ಮತ್ತು ಅದರಡಿ ದಾಖಲಾದ ಕೊಲ್ಹಾಪುರಿ ಚಪ್ಪಲಿ.

1

ಜಪಾನಿನಲ್ಲಿ ‘ಬುರಾಕು’ ಅಂದರೆ ಸಣ್ಣ ಹಳ್ಳಿ, ಹಟ್ಟಿ ಎಂದರ್ಥ. ಆ ಹಟ್ಟಿಗಳಲ್ಲಿ ಇರಬೇಕಾದವರು ಸತ್ತ ದನ ಸುಲಿಯುವವರು, ತೊಗಲು ಹದ ಮಾಡುವವರು, ಕಟುಕರು. ಅವರನ್ನು ಕರೆಯುತ್ತಿದ್ದ ಹಳೆಯ ಹೆಸರು ‘ಎತ’. ಅದನ್ನು ಬರೆಯುವ ಅಕ್ಷರಗಳ ಅರ್ಥ ತುಂಬ ಮೈಲಿಗೆ ಅಂತ. ಮೈಬಣ್ಣ, ಭಾಷೆ, ಧರ್ಮ ಯಾವುದರಲ್ಲೂ ಉಳಿದವರಿಗಿಂತ ಅವರು ಬೇರೆಯಲ್ಲ. ಹುಟ್ಟಿದ ಕೇರಿ ಒಂದೇ ಬೇರೆ. ಇದನ್ನು ನಮಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

1871ರಲ್ಲಿ ಮೇಜಿ ಸರ್ಕಾರ ಆಜ್ಞೆ ಹೊರಡಿಸಿ ಈ ಹೀನ ಹೆಸರುಗಳನ್ನು ರದ್ದು ಮಾಡಿತು. ಅದೇ ವರ್ಷ ಸತ್ತ ದನಕುದುರೆಗಳನ್ನು ಅವುಗಳ ಮಾಲೀಕರೇ ಹೇಗಾದರೂ ವಿಲೇವಾರಿ ಮಾಡಬಹುದು ಎಂಬ ಆಜ್ಞೆಯೂ ಬಂತು. ಮೈಲಿಗೆ ಎಂದು ಇವರ ತಲೆಗೆ ಕಟ್ಟಿದ್ದ ಕೆಲಸ ಮೈಲಿಗೆಯ ಜೊತೆಗೆ ಒಂದಿಷ್ಟು ಅನ್ನವನ್ನೂ ಕೊಟ್ಟಿತ್ತು. ಬಿಡುಗಡೆ ಬಂದ ದಿನವೇ ತೊಗಲಿನ ಮೇಲಿನ ಹಿಡಿತ ಕೈಬಿಟ್ಟಿತು. ಚರ್ಮದಲ್ಲಿ ಲಾಭ ಇದೆ ಅಂತ ಕಂಡ ಬಂಡವಾಳಕ್ಕೆ ಬಾಗಿಲು ತೆರೆಯಿತು. ಅವಮಾನ ಮಾತ್ರ ಹಟ್ಟಿಯಲ್ಲೇ ಉಳಿಯಿತು. 1922ರಲ್ಲಿ ಕ್ಯೋಟೊದಲ್ಲಿ ಬುರಾಕು ಜನ ‘ಸುಯ್ಹೇಷಾ’ ಎಂಬ ತಮ್ಮದೇ ಸಂಘಟನೆ ಕಟ್ಟಿದರು. ಬಹಳ ಕಾಲದ ಹೋರಾಟದ ಮೇಲೆ 1969ರಲ್ಲಿ ಅವರ ಕೇರಿಗಳ ಸುಧಾರಣೆಗೆ ವಿಶೇಷ ಕಾಯಿದೆ ಬಂತು. ಸರ್ಕಾರಿ ಭಾಷೆಯಲ್ಲಿ ಇವರ ಹೆಸರು ‘ದೋವಾ’ ಅಂತ ಆಯಿತು.

ಹಿಮೇಜಿ ಸುತ್ತಲಿನ ಚರ್ಮದ ಕಸುಬು ಇಂಥ ಜನರ ಅನ್ನ. ಹೊರದೇಶದ ಅಗ್ಗದ ಚರ್ಮ ನುಗ್ಗಿದರೆ ಇದು ಮುಳುಗುತ್ತದೆ ಎಂಬ ಕಾರಣ ಕೊಟ್ಟು ಜಪಾನ್ ಚರ್ಮದ ಆಮದಿಗೆ ಪರಿಮಾಣದ ಮಿತಿ ಹಾಕಿತ್ತು. ಗ್ಯಾಟ್ ಒಪ್ಪಂದದ 11ನೇ ಕಲಂ ಇಂಥ ಮಿತಿಗಳನ್ನು ನಿಷೇಧಿಸುತ್ತದೆ. ಅಮೆರಿಕ ದೂರು ಕೊಟ್ಟಿತು. ಆಗ ಜಪಾನ್ ಸರ್ಕಾರ ಅಂತರರಾಷ್ಟ್ರೀಯ ವ್ಯಾಪಾರದ ಕಟಕಟೆಯಲ್ಲಿ ಒಂದು ಅಪರೂಪದ ಮಾತನ್ನು ಹೇಳಿತು: ನಮ್ಮಲ್ಲಿ ಅಸ್ಪೃಶ್ಯರಾಗಿದ್ದ ಜನ ಇದ್ದಾರೆ, ಈ ಕಸುಬು ಅವರದು, ಅವರ ಇತಿಹಾಸವನ್ನು ನೋಡಿ ಈ ಮಿತಿಯನ್ನು ನೋಡಿ.

1984ರ ವರದಿಯ ಉತ್ತರ ಏನು? ಇಲ್ಲಿ ವಿಶೇಷವಾದ ಐತಿಹಾಸಿಕ, ಸಾಂಸ್ಕೃತಿಕ, ಸಾಮಾಜಿಕ ಸಂದರ್ಭಗಳಿವೆ ಎಂಬ ವಾದವನ್ನು ಮಂಡಲಿ ಕೇಳಿಸಿಕೊಂಡಿತು. ಆದರೆ ತನಗೆ ಒಪ್ಪಿಸಿದ ಕೆಲಸ ಗ್ಯಾಟ್ ಕಲಂಗಳ ಬೆಳಕಿನಲ್ಲಿ ವಿಷಯ ನೋಡುವುದು, ಆ ಕಲಂಗಳಲ್ಲಿ ಇಂಥ ಕಾರಣಕ್ಕೆ ಆಮದು ತಡೆಯಲು ಅವಕಾಶ ಇಲ್ಲ, ಹೀಗಾಗಿ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲು ಬರುವುದಿಲ್ಲ ಎಂದಿತು. ಜಪಾನ್ ಸೋತಿತು. ಮುಂದೆ ಮಿತಿಯ ಜಾಗದಲ್ಲಿ ಸುಂಕದ ವ್ಯವಸ್ಥೆ ಬಂತು.

ಈ ವಾಕ್ಯಗಳಲ್ಲಿ ದ್ವೇಷ ಇಲ್ಲ. ಮಂಡಲಿಯ ಸದಸ್ಯರಿಗೆ ಬುರಾಕು ಜನರ ಮೇಲೆ ಸಿಟ್ಟೂ ಇಲ್ಲ. ನಮ್ಮ ವಿಮರ್ಶೆ ಹಿಡಿಯಬೇಕಾದ್ದು ಈ ತಣ್ಣನೆಯ ದನಿಯನ್ನೇ. ಗ್ಯಾಟ್‌ನ 20ನೇ ಕಲಮಿನಲ್ಲಿ ವಿನಾಯಿತಿಗಳ ಒಂದು ಪಟ್ಟಿ ಇದೆ. ಸಾರ್ವಜನಿಕ ನೀತಿಗೆ ವಿನಾಯಿತಿ ಉಂಟು, ಮನುಷ್ಯರ, ಪ್ರಾಣಿಗಳ, ಗಿಡಗಳ ಆರೋಗ್ಯಕ್ಕೆ ಉಂಟು, ಜೈಲಿನಲ್ಲಿ ದುಡಿಸಿ ಮಾಡಿದ ಸರಕಿಗೆ ಉಂಟು, ರಾಷ್ಟ್ರದ ಕಲಾನಿಧಿಗೂ ಉಂಟು. ಹುಟ್ಟಿನಿಂದಲೇ ಒಂದು ಕಸುಬಿಗೆ ಬಿದ್ದವರ ಮಾತು ಆ ಪಟ್ಟಿಯಲ್ಲಿ ಎಲ್ಲೂ ಇಲ್ಲ. ಈ ಒಪ್ಪಂದಕ್ಕೆ 1947ರ ಅಕ್ಟೋಬರಿನಲ್ಲಿ ಸಹಿ ಹಾಕಿದ 23 ಮೂಲ ಸದಸ್ಯರಲ್ಲಿ ಭಾರತವೂ ಒಂದು. ಮುಂದಿನ ವರ್ಷ, 1948ರ ನವೆಂಬರ್ 29ರಂದು, ಅಸ್ಪೃಶ್ಯತೆಯನ್ನು ರದ್ದು ಮಾಡುವ ಕಲಮನ್ನು ನಮ್ಮ ಸಂವಿಧಾನ ಸಭೆ ಒಪ್ಪಿತು. ಒಂದೇ ರಾಜ್ಯವ್ಯವಸ್ಥೆಯ ಈ ಎರಡು ದಾಖಲೆಗಳಲ್ಲಿ ಒಂದರ ನೆರಳು ಇನ್ನೊಂದರ ಮೇಲೆ ಬಿದ್ದಿಲ್ಲ.

ಇನ್ನೊಂದು ಮಾತನ್ನೂ ಮುಚ್ಚಿಡದೆ ಹೇಳಬೇಕು. ಜಪಾನ್ ಸರ್ಕಾರ ಬುರಾಕು ಜನರ ಹೆಸರನ್ನು ಗುರಾಣಿಯ ಹಾಗೆ ಹಿಡಿಯಿತು ಎಂದು ಯಾರಾದರೂ ಅಂದರೆ ಅದನ್ನು ಸುಳ್ಳು ಅಂತ ತಳ್ಳಿಹಾಕಲಾಗದು. ಮನೆಯೊಳಗೆ ಮದುವೆಗೆ, ನೌಕರಿಗೆ ಮುಟ್ಟಿಸಿಕೊಳ್ಳದ ಸಮಾಜ ಹೊರಗಿನವರು ಬಂದಾಗ ಮಾತ್ರ ‘ಇವರು ನಮ್ಮ ಬಡವರು’ ಅಂತ ಮುಂದೆ ನಿಲ್ಲಿಸುವುದು ನಮಗೇನೂ ಹೊಸದಲ್ಲ. ಗ್ಯಾಟ್ ಕಟಕಟೆಯಲ್ಲಿ ವಾದಿಯೂ ಸರ್ಕಾರ, ಪ್ರತಿವಾದಿಯೂ ಸರ್ಕಾರ. ತೊಗಲು ಹದ ಮಾಡುವವನಿಗೆ ಅಲ್ಲಿ ಕುರ್ಚಿ ಇಲ್ಲ. ಅವನ ಹೆಸರಿನಲ್ಲಿ ವಾದ ನಡೆಯಿತು, ಅವನ ಹೆಸರಿನಲ್ಲೇ ಸೋಲೂ ಆಯಿತು.

ಇದನ್ನು ವಿದ್ವಾಂಸರು ಹೇಗೆ ಬರೆದರು? ಅಮೆರಿಕದ ಫ್ರಾಂಕ್ ಅಪ್‌ಹ್ಯಾಮ್ 1987ರಲ್ಲಿ ಯುದ್ಧಾನಂತರದ ಜಪಾನಿನ ಕಾನೂನು ಮತ್ತು ಸಮಾಜದ ಬಗ್ಗೆ ತಂದ ಪುಸ್ತಕದಲ್ಲಿ ಬುರಾಕು ಬಿಡುಗಡೆಯ ಮೇಲೆ ಒಂದು ದೊಡ್ಡ ಅಧ್ಯಾಯವಿದೆ. ಭೇದ ಮಾಡಿದವನನ್ನು ಎದುರಿಗೆ ಕೂರಿಸಿಕೊಂಡು ಖಂಡಿಸುವ ಅವರ ಹೋರಾಟದ ರೀತಿಯನ್ನು ಅವರು ಗಂಭೀರವಾಗಿ ನೋಡಿದ್ದಾರೆ. ಗ್ಯಾಟ್ ವಿವಾದಗಳನ್ನೆಲ್ಲ ಒಂದೊಂದಾಗಿ ಪಟ್ಟಿ ಮಾಡಿದ ರಾಬರ್ಟ್ ಹುಡೆಕ್‌ರ ಪುಸ್ತಕ ಬಂದದ್ದು 1993ರಲ್ಲಿ. ಒಂದನ್ನು ‘ಏಷ್ಯಾದ ಕಾನೂನು’ ಅಂತ ಓದಿಸುತ್ತಾರೆ, ಇನ್ನೊಂದನ್ನು ‘ವ್ಯಾಪಾರದ ಕಾನೂನು’ ಅಂತ. ಜಾತಿ ಓದುವವರಿಗೆ ಮೊದಲ ಕಪಾಟು, ಸುಂಕ ಓದುವವರಿಗೆ ಎರಡನೆಯದು. ಆದರೆ ಹಿಮೇಜಿಯ ಕೆಲಸಗಾರನಿಗೆ ಜಾತಿ ಮತ್ತು ಸುಂಕ ಒಂದೇ ದಿನದ ಅನುಭವ. ಕಪಾಟು ಎರಡಾದದ್ದರಿಂದಲೇ ‘ಅಂಥ ಕಲಂ ಇಲ್ಲ’ ಎಂಬ ಉತ್ತರ ಅಷ್ಟು ಸಲೀಸಾಗಿ ಸಾಧ್ಯವಾಯಿತು ಎಂದು ನನ್ನ ಅನಿಸಿಕೆ.

2

ಹತ್ತು ವರ್ಷ ಕಳೆದ ಮೇಲೆ, 1994ರ ಏಪ್ರಿಲ್‌ನಲ್ಲಿ, ಮೊರೊಕ್ಕೊದ ಮರಕೇಶ್‌ನಲ್ಲಿ ವಿಶ್ವ ವ್ಯಾಪಾರ ಸಂಸ್ಥೆಯ ಒಪ್ಪಂದಗಳಿಗೆ ಸಹಿ ಬಿತ್ತು. ಅವುಗಳಲ್ಲಿ ಬೌದ್ಧಿಕ ಸ್ವತ್ತಿನ ಒಪ್ಪಂದವೂ ಒಂದು. ಟ್ರಿಪ್ಸ್ ಅಂತ ಕರೆಯುವ ಇದರಲ್ಲಿ ಭೌಗೋಳಿಕ ಸೂಚಕದ ಮಾತಿದೆ. ಒಂದು ಸರಕಿನ ಗುಣ ಅಥವಾ ಖ್ಯಾತಿ ಅದು ಹುಟ್ಟಿದ ಸ್ಥಳದಿಂದ ಬಂದಿದ್ದರೆ ಆ ಸ್ಥಳದ ಹೆಸರನ್ನು ಬೇರೆಯವರು ಬಳಸಬಾರದು ಎಂಬುದು ಇದರ ತಿರುಳು. ಸ್ವಂತ ದೇಶದಲ್ಲಿ ರಕ್ಷಣೆ ಇಲ್ಲದ ಹೆಸರನ್ನು ಬೇರೆ ದೇಶ ರಕ್ಷಿಸಬೇಕಾಗಿಲ್ಲ ಅಂತಲೂ ಅದೇ ಒಪ್ಪಂದ ಹೇಳಿತು. 1997ರಲ್ಲಿ ಅಮೆರಿಕದ ಕಂಪನಿಯೊಂದು ಬಾಸ್ಮತಿ ಅಕ್ಕಿಯ ಮೇಲೆ ಪೇಟೆಂಟ್ ಪಡೆದಾಗ ಇಲ್ಲಿ ಗದ್ದಲ ಎದ್ದಿತು. 1999ರಲ್ಲಿ ನಮ್ಮ ಕಾಯಿದೆ ಬಂತು, 2003ರಲ್ಲಿ ಜಾರಿಯಾಯಿತು. 2004ರಲ್ಲಿ ಡಾರ್ಜಿಲಿಂಗ್ ಚಹಾ ಮೊದಲು ದಾಖಲಾಯಿತು.

ಈ ಕಲ್ಪನೆ ಬಂದದ್ದು ಫ್ರಾನ್ಸಿನ ದ್ರಾಕ್ಷಿತೋಟದಿಂದ. ದೇವ್ ಗಂಗ್ಜಿಯವರ 2012ರ ಪುಸ್ತಕ ಈ ಇತಿಹಾಸವನ್ನು ಬಿಡಿಸಿಡುತ್ತದೆ. ಮಣ್ಣು, ಹವೆ, ಅಲ್ಲಿಯ ಜನರ ರೂಢಿ ಎಲ್ಲ ಸೇರಿ ಒಂದು ವೈನಿಗೆ ರುಚಿ ಬರುತ್ತದೆ ಎಂಬ ನಂಬಿಕೆ ಕಾನೂನಾಯಿತು. ಶಾಂಪೇನ್ ಸೀಮೆಯ ಗಡಿ ಎಲ್ಲಿ ಎಂಬ ಜಗಳಕ್ಕೆ 1911ರಲ್ಲಿ ದಂಗೆಯೇ ಆಗಿತ್ತು. ಟ್ರಿಪ್ಸ್‌ನಲ್ಲಿ ಇವತ್ತಿಗೂ ಹೆಚ್ಚಿನ ರಕ್ಷಣೆ ಇರುವುದು ವೈನು ಮತ್ತು ಮದ್ಯಗಳ ಹೆಸರಿಗೆ. ನಾನು ಇಲ್ಲಿ ಗಮನಿಸಬೇಕೆನ್ನುವುದು ಒಂದನ್ನು: ಶಾಂಪೇನಿನ ಆ ಬೆಳೆಗಾರರಲ್ಲಿ ಬಡವರಿದ್ದರು, ಆದರೆ ಕಾಲ ಕೆಳಗಿನ ಮಣ್ಣು ತಮ್ಮದು ಎನ್ನಬಲ್ಲ ಜನ ಅವರು. ಆ ನೆಲದಲ್ಲಿ ‘ಸ್ಥಳದ ಹಕ್ಕು’ ಅಂದರೆ ಬೆಳೆದವನ ಹಕ್ಕು ಅಂತ ಒಂದು ಮಟ್ಟಿಗೆ ಅರ್ಥವಾಗುತ್ತದೆ.

ನಮ್ಮಲ್ಲಿ ಸ್ಥಳ ಅಂದರೆ ಏನು? ಊರು ಒಂದು, ಕೇರಿ ಒಂದು. ಊರಿನ ಹೆಸರು ಕೇರಿಗೂ ಇದೆ, ಊರು ಮಾತ್ರ ಕೇರಿಯದಲ್ಲ. ಚಪ್ಪಲಿ ಹುಟ್ಟಿದ್ದು ಕೇರಿಯಲ್ಲಿ, ಹೆಸರು ಹೋದದ್ದು ಊರಿಗೆ, ಅದರಲ್ಲೂ ಸಂಸ್ಥಾನದ ರಾಜಧಾನಿಗೆ. ಸ್ಥಳವನ್ನು ರಕ್ಷಿಸುತ್ತೇನೆ ಎನ್ನುವ ಕಾನೂನು ಜಾತಿಯ ಸಮಾಜಕ್ಕೆ ಬಂದ ಕೂಡಲೇ, ಸ್ಥಳದ ಮೇಲೆ ಯಾರಿಗೆ ಹಕ್ಕಿತ್ತೋ ಅವರ ಕಡೆಗೆ ತಾನಾಗಿಯೇ ವಾಲುತ್ತದೆ.

ಇದು ಬರೀ ನನ್ನ ಅನುಮಾನ ಅಲ್ಲ, ಕಾಯಿದೆಯ ವ್ಯಾಖ್ಯೆಯಲ್ಲೇ ಇದೆ. 1999ರ ಕಾಯಿದೆಯ 2ನೇ ಕಲಂ ‘ಉತ್ಪಾದಕ’ ಯಾರು ಅಂತ ಹೇಳುತ್ತದೆ. ಕರಕುಶಲ ವಸ್ತುವಾದರೆ ಅದನ್ನು ಮಾಡುವವನು ಉತ್ಪಾದಕ. ಅಲ್ಲಿಗೆ ನಿಲ್ಲಿಸಿದ್ದರೆ ಸರಿಯಿತ್ತು. ಆದರೆ ಅದರ ವ್ಯಾಪಾರ ವಹಿವಾಟು ಮಾಡುವವನೂ ಉತ್ಪಾದಕನೇ ಅಂತ ಅದೇ ಉಸಿರಿನಲ್ಲಿ ಸೇರಿಸುತ್ತದೆ. ಅಂದರೆ ತೊಗಲು ಕೊಯ್ದು, ಬಡಿದು, ಹೊಲಿದು ಚಪ್ಪಲಿ ಮಾಡಿದವನೂ, ಅದನ್ನು ಕೊಂಡು ಪೇಟೆಯಲ್ಲಿ ಮಾರಿದ ಸಾವುಕಾರನೂ ಕಾಯಿದೆಯ ಕಣ್ಣಿಗೆ ಒಬ್ಬನೇ. ಮುಂಗಡ ಕೊಟ್ಟು ಕೈ ಕಟ್ಟಿಹಾಕಿದವನೂ ‘ಅಧಿಕೃತ ಬಳಕೆದಾರ’ ಅಂತ ಹೆಸರು ಬರೆಸಬಹುದು. ಭೌಗೋಳಿಕ ಸೂಚಕವನ್ನು ಮಾರುವಂತಿಲ್ಲ, ಅಡವಿಡುವಂತಿಲ್ಲ ಅಂತ 24ನೇ ಕಲಂ ಬಿಗಿಯಾಗಿ ಹೇಳುತ್ತದೆ. ಆ ಬಿಗಿ ಹೆಸರಿನ ಬಗ್ಗೆ. ಮಾಡಿದವನ ದುಡಿಮೆ ಅಡವಿಗೆ ಬೀಳದಂತೆ ತಡೆಯುವ ಕಲಂ ಇಲ್ಲ.

ದಾಖಲಾತಿಗೆ ಸಲ್ಲಿಸುವ ಅರ್ಜಿಯೂ ಒಂದು ಪಠ್ಯವೇ. ಸರಕಿನ ವಿವರ, ಪ್ರದೇಶದ ನಕಾಶೆ, ಮೂಲಕ್ಕೆ ಚಾರಿತ್ರಿಕ ಪುರಾವೆ, ಮಾಡುವ ವಿಧಾನ, ಅದರ ವಿಶೇಷತೆ, ತಪಾಸಣೆ ಮಾಡುವ ಸಂಸ್ಥೆ, ಎಲ್ಲಕ್ಕೂ ಜಾಗ ಇದೆ. ಮಾಡುವವರಿಗೆ ಎಷ್ಟು ಕೂಲಿ ಸಿಗುತ್ತದೆ ಎಂಬುದಕ್ಕೆ ಜಾಗ ಇಲ್ಲ. ಈ ಕಸುಬು ಈ ಜನಕ್ಕೇ ಯಾಕೆ ಬಂತು ಎಂಬುದಕ್ಕೂ ಇಲ್ಲ.

3

ಕೊಲ್ಹಾಪುರಿ ಚಪ್ಪಲಿ ದಾಖಲಾದದ್ದು 2018ರ ಡಿಸೆಂಬರಿನಲ್ಲಿ. ಮಹಾರಾಷ್ಟ್ರದ ಕೊಲ್ಹಾಪುರ, ಸಾಂಗ್ಲಿ, ಸಾತಾರಾ, ಸೊಲ್ಲಾಪುರ, ಕರ್ನಾಟಕದ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರ, ಹೀಗೆ ಎಂಟು ಜಿಲ್ಲೆಗಳ ಸರಕು ಅದು. ಗಡಿ ಯಾರದು ಅಂತ ಎರಡು ರಾಜ್ಯಗಳು ದಶಕಗಟ್ಟಲೆ ಬಡಿದಾಡಿದ ಸೀಮೆಯಲ್ಲಿ ಚಪ್ಪಲಿ ಮಾತ್ರ ಗಡಿ ನೋಡದೆ ಓಡಾಡಿಕೊಂಡಿತ್ತು. ಒಡೆಯರಾಗಿ ದಾಖಲಾದವು ಎರಡು ಸರ್ಕಾರಿ ನಿಗಮಗಳು: ಮಹಾರಾಷ್ಟ್ರದ ಲಿಡ್‌ಕಾಮ್, ಕರ್ನಾಟಕದ ಲಿಡ್ಕರ್. ಒಂದಕ್ಕೆ ಸಂತ ರೋಹಿದಾಸರ ಹೆಸರು, ಇನ್ನೊಂದಕ್ಕೆ ಬಾಬು ಜಗಜೀವನ ರಾಮರ ಹೆಸರು.

ಈ ಚಪ್ಪಲಿ ಹೇಗೆ ಆಗುತ್ತದೆ? ಹಸಿ ತೊಗಲನ್ನು ಸುಣ್ಣದಲ್ಲಿ ಹಾಕಿ ಕೂದಲು ತೆಗೆದು, ಜಾಲಿ ತೊಗಟೆ, ಅಳಲೆಕಾಯಿಗಳ ನೀರಿನಲ್ಲಿ ದಿನಗಟ್ಟಲೆ ನೆನೆಸಿ ಹದ ಮಾಡುವವರು ಡೋರರು. ಹದ ಮಾಡಿದ ಚಕ್ಕಳವನ್ನು ಕೊಯ್ದು, ಬಡಿದು, ಮೊಳೆ ಬಳಸದೆ ತೊಗಲಿನ ಎಳೆಯಲ್ಲೇ ಹೊಲಿಯುವವರು ಸಮಗಾರರು, ಚಮ್ಮಾರರು. ಪಟ್ಟಿಯ ಹೆಣಿಗೆ, ಅಲಂಕಾರ, ಹುರಿಯ ಕೆಲಸ ಮನೆಯ ಹೆಂಗಸರದು. ಹಿಂದೆ ಇದೇ ಜನ ರೈತನಿಗೆ ಬಾರುಕೋಲಿನ ಬಾರು, ಮಿಣಿ, ಕಪಿಲೆ ಬಾವಿಯ ಚರ್ಮದ ಚೀಲ ಮಾಡಿಕೊಟ್ಟು ಸುಗ್ಗಿಯಲ್ಲಿ ಕಣದ ಅಂಚಿಗೆ ನಿಂತು ಆಯ ಪಡೆಯುತ್ತಿದ್ದರು. ಅಂದರೆ ಜಾಗತಿಕ ಪೂರೈಕೆ ಸರಪಳಿ ಅಂತ ಇವತ್ತು ಹೇಳುವುದರ ಮೊದಲ ಕೊಂಡಿ ಸತ್ತ ದನ, ಎರಡನೆಯದು ಅದನ್ನು ಎತ್ತುವ ಜಾತಿ.

ಕಾನೂನಿನ ಪಠ್ಯ ಈ ಸರಪಳಿಯನ್ನು ಸಿದ್ಧವಾದ ಚಪ್ಪಲಿಯಿಂದ ಶುರು ಮಾಡುತ್ತದೆ. 2016ರ ಜುಲೈನಲ್ಲಿ ಗುಜರಾತಿನ ಊನಾದಲ್ಲಿ ಸತ್ತ ದನದ ಚರ್ಮ ಸುಲಿಯುತ್ತಿದ್ದವರನ್ನು ಬೀದಿಯಲ್ಲಿ ಹೊಡೆದರಲ್ಲ, ಅದು ಚರ್ಮದ ಪೂರೈಕೆ ಸರಪಳಿಯ ಒಳಗೇ ನಡೆದ ಘಟನೆ. ಆದರೆ ವ್ಯಾಪಾರದ ಕಾನೂನಿಗೆ ಅದು ಬೇರೆ ಇಲಾಖೆಯ ವಿಷಯ. ಮಹಾರಾಷ್ಟ್ರ 2015ರಲ್ಲಿ ಎತ್ತು, ಹೋರಿಗಳ ವಧೆಯನ್ನೂ ನಿಷೇಧಿಸಿತು. ಕರ್ನಾಟಕದ 2020ರ ಕಾಯಿದೆ 13 ವರ್ಷ ದಾಟಿದ ಎಮ್ಮೆ ಕೋಣಗಳನ್ನು ಬಿಟ್ಟು ಉಳಿದ ಜಾನುವಾರುಗಳ ವಧೆಯನ್ನು ನಿಷೇಧಿಸಿತು. ಒಂದು ಕಾಯಿದೆ ತೊಗಲು ಬರುವ ದಾರಿಯನ್ನು ಕಿರಿದು ಮಾಡಿತು, ಇನ್ನೊಂದು ಕಾಯಿದೆ ಅದೇ ತೊಗಲಿನ ಚಪ್ಪಲಿಗೆ ಪರಂಪರೆಯ ಪಟ್ಟ ಕಟ್ಟಿತು. ಎರಡರ ನಡುವೆ ಸಿಕ್ಕಿಕೊಂಡವನ ಹೆಸರು ಎರಡರಲ್ಲೂ ಇಲ್ಲ.

ಅವನ ಹೆಸರು ಎಲ್ಲೂ ಇಲ್ಲವೇ? ಇದೆ. ಪರಿಶಿಷ್ಟ ಜಾತಿಗಳ ಪಟ್ಟಿಯಲ್ಲಿ ಇದೆ. ಕರ್ನಾಟಕದ ಪಟ್ಟಿ ತೆರೆದರೆ ಚಮ್ಮಾರ, ಸಮಗಾರ, ಮೋಚಿ, ಮಚಗಾರಗಳ ಸಾಲಿನಲ್ಲೇ ‘ಹರಳಯ್ಯ’ ಅಂತ ಇದೆ. ಡೋರರ ಸಾಲಿನಲ್ಲಿ ‘ಕಕ್ಕಯ್ಯ’ ಅಂತ ಇದೆ. ಹನ್ನೆರಡನೆಯ ಶತಮಾನದ ಕಲ್ಯಾಣದ ಇಬ್ಬರು ಶರಣರ ಹೆಸರು ಸರ್ಕಾರದ ಪಟ್ಟಿಯಲ್ಲಿ ಜಾತಿಯ ಹೆಸರಾಗಿ ಉಳಿದಿದೆ. ಬಸವಣ್ಣನಿಗಾಗಿ ತನ್ನ ಮತ್ತು ಹೆಂಡತಿಯ ತೊಡೆಯ ಚರ್ಮದಲ್ಲಿ ಹರಳಯ್ಯ ಚಮ್ಮಾವುಗೆ ಮಾಡಿದ ಎಂಬ ಕತೆ ಗೊತ್ತಿಲ್ಲದ ಕನ್ನಡಿಗರಿಲ್ಲ. ಅವನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ಮದುವೆಯಾದಾಗ ಏನಾಯಿತು ಎಂಬುದೂ ಗೊತ್ತು. ಚಮ್ಮಾವುಗೆಯನ್ನು ತಲೆಯ ಮೇಲಿಟ್ಟುಕೊಂಡ ಕಲ್ಯಾಣಕ್ಕೆ ಹರಳಯ್ಯನ ಮಗನನ್ನು ಅಳಿಯನನ್ನಾಗಿ ತಡೆದುಕೊಳ್ಳಲು ಆಗಲಿಲ್ಲ. ಇವತ್ತು ಒಂದು ದಾಖಲೆಯಲ್ಲಿ ಹರಳಯ್ಯ ಇದ್ದಾನೆ, ಚಪ್ಪಲಿ ಇಲ್ಲ. ಇನ್ನೊಂದು ದಾಖಲೆಯಲ್ಲಿ ಚಪ್ಪಲಿ ಇದೆ, ಹರಳಯ್ಯ ‘ಸಾಂಪ್ರದಾಯಿಕ ಕುಶಲಕರ್ಮಿ’ ಆಗಿದ್ದಾನೆ.

4

2025ರ ಜೂನ್‌ನಲ್ಲಿ ಇಟಲಿಯ ಪ್ರಾಡಾ ಕಂಪನಿ ಮಿಲಾನ್‌ನ ಪ್ರದರ್ಶನದಲ್ಲಿ ಇದೇ ಮಾದರಿಯ ಚಪ್ಪಲಿಗಳನ್ನು ‘ಚರ್ಮದ ಸ್ಯಾಂಡಲ್’ ಅಂತ ತೋರಿಸಿತು. ಎಲ್ಲಿಯದು ಅಂತ ಹೇಳಿರಲಿಲ್ಲ. ಇಲ್ಲಿ ಗಲಾಟೆಯಾಯಿತು. ಭಾರತದ ಕರಕುಶಲ ಚಪ್ಪಲಿಯಿಂದ ಪ್ರೇರಣೆ ಪಡೆದೆವು ಅಂತ ಕಂಪನಿ ಒಪ್ಪಿಕೊಂಡಿತು. ಕೊಲ್ಹಾಪುರದ ಪರವಾಗಿ ಮಹಾರಾಷ್ಟ್ರದವರು ಮಾತಾಡಿದರು. ಅಥಣಿ, ನಿಪ್ಪಾಣಿ, ಚಿಕ್ಕೋಡಿ, ರಾಯಬಾಗದವರಿಗೂ ಇದರಲ್ಲಿ ಪಾಲಿದೆ ಅಂತ ಕರ್ನಾಟಕದ ಸಚಿವ ಪ್ರಿಯಾಂಕ್ ಖರ್ಗೆ ನೆನಪಿಸಿದರು. ಅದು ಹೇಳಬೇಕಾದ ಮಾತೇ ಆಗಿತ್ತು.

ಕಾನೂನು ಏನು ಮಾಡಬಹುದಿತ್ತು? ಭೌಗೋಳಿಕ ಸೂಚಕ ರಕ್ಷಿಸುವುದು ಹೆಸರನ್ನು, ಆಕಾರವನ್ನಲ್ಲ. ಪ್ರಾಡಾ ಹೆಸರನ್ನೇ ಬಳಸಿರಲಿಲ್ಲ. ವಿನ್ಯಾಸದ ಕಾನೂನು ಹೊಸತನ್ನು ಮಾತ್ರ ಕಾಯುತ್ತದೆ, ಇದು ನೂರಾರು ವರ್ಷದ ಹಳೆಯದು. ಯುರೋಪಿನಲ್ಲಿ ಕರಕುಶಲ ವಸ್ತುಗಳ ಸ್ಥಳನಾಮವನ್ನು ಒಕ್ಕೂಟದ ಮಟ್ಟದಲ್ಲಿ ಕಾಯುವ ನಿಯಮವನ್ನು 2023ರಲ್ಲಿ ಮಾಡಿದ್ದರು, ಅದು ಅನ್ವಯವಾದದ್ದು 2025ರ ಡಿಸೆಂಬರ್ 1ರಿಂದ. ಅಲ್ಲಿಯತನಕ ಅಲ್ಲಿ ಆ ಮಟ್ಟದ ರಕ್ಷಣೆ ಇದ್ದದ್ದು ವೈನು, ಚೀಸುಗಳಂಥ ತಿನ್ನುವ ಕುಡಿಯುವ ಪದಾರ್ಥಗಳಿಗೆ. ಕೆಲವು ವಕೀಲರು ಬಾಂಬೆ ಹೈಕೋರ್ಟಿಗೆ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಹಾಕಿದರು. ಜುಲೈನಲ್ಲಿ ಕೋರ್ಟು ಅದನ್ನು ವಜಾ ಮಾಡಿತು. ಅರ್ಜಿದಾರರು ಈ ಹೆಸರಿನ ಒಡೆಯರಲ್ಲ, ದಾಖಲಾದ ಒಡೆಯರು ಬೇಕಾದರೆ ಬರಲಿ ಎಂಬುದು ಅದರ ನಿಲುವು. ಒಡೆಯರು ಯಾರು? ಎರಡು ನಿಗಮಗಳು. ಕಾನೂನಿನ ಪ್ರಕಾರ ಕೋರ್ಟಿನ ಮಾತಿನಲ್ಲಿ ತಪ್ಪು ಹುಡುಕುವುದು ಕಷ್ಟ. ಜಿನೀವಾದಲ್ಲೂ ಹೀಗೇ ಆಗಿತ್ತು. ಹಿಮೇಜಿಯವನ ಪರವಾಗಿ ಸರ್ಕಾರ ಇತ್ತು, ಅಥಣಿಯವನ ಪರವಾಗಿ ನಿಗಮ ಇದೆ. ನಿಗಮ ಕೇಳಿದರೆ ಉಂಟು, ಕೇಳದಿದ್ದರೆ ಇಲ್ಲ.

2025ರ ಡಿಸೆಂಬರಿನಲ್ಲಿ ಪ್ರಾಡಾ ಈ ಎರಡು ನಿಗಮಗಳ ಜೊತೆ ಒಪ್ಪಂದ ಮಾಡಿಕೊಂಡಿತು. ಇಲ್ಲಿಯ ಕುಶಲಕರ್ಮಿಗಳಿಂದ ಸುಮಾರು 2,000 ಜೊತೆ ಚಪ್ಪಲಿ ಮಾಡಿಸಿ, ಜೊತೆಗೆ ಸುಮಾರು 800 ಯೂರೊ ಬೆಲೆಗೆ ಮಾರುವುದಾಗಿ ಪ್ರಕಟಿಸಿತು. ನಮ್ಮ ಹಣದಲ್ಲಿ 80 ಸಾವಿರ ರೂಪಾಯಿಗೂ ಮೇಲೆ. ಸಂತೆಯಲ್ಲಿ ಸಾವಿರದ ಆಜುಬಾಜು ಮಾರುವ ಸರಕು ಇದು. ಈ ಒಪ್ಪಂದವನ್ನು ಹೀಗಳೆಯಬೇಕು ಅಂತ ನನಗೆ ಅನಿಸುವುದಿಲ್ಲ. ಮೈಲಿಗೆ ಎಂದ ಕೆಲಸಕ್ಕೆ ಬೆಲೆ ಬಂದರೆ ಅದು ಮಾಡುವವರ ಮನೆಯ ಮಕ್ಕಳ ಫೀಜು ಆಗಬಹುದು. ಆದರೆ ವಿಮರ್ಶೆ ಕೇಳಲೇಬೇಕಾದ ಪ್ರಶ್ನೆಗಳಿವೆ. ಆ 800 ಯೂರೊದಲ್ಲಿ ಹದ ಮಾಡಿದ ಡೋರನಿಗೆ ಎಷ್ಟು, ಹೆಣಿಗೆ ಹಾಕಿದ ಹೆಂಗಸಿಗೆ ಎಷ್ಟು? ಒಪ್ಪಂದದ ಕಾಗದದ ಮೇಲೆ ಚಪ್ಪಲಿ ಮಾಡುವ ಒಬ್ಬರ ಸಹಿಯಾದರೂ ಇದೆಯೆ? 2,000 ಜೊತೆ ಮುಗಿದ ಮೇಲೆ ಏನು?

ಏಷ್ಯಾ-ಪೆಸಿಫಿಕ್ ಸೀಮೆಯ ಭೌಗೋಳಿಕ ಸೂಚಕಗಳ ಬಗ್ಗೆ ಐರೀನ್ ಕಾಲ್ಬೊಲಿ ಮತ್ತು ಎನ್‌ಜಿ-ಲಾಯ್ ವೀ ಲೂನ್ ಸಂಪಾದಿಸಿದ ದೊಡ್ಡ ಸಂಪುಟ 2017ರಲ್ಲಿ ಬಂತು. ವ್ಯಾಪಾರ, ಅಭಿವೃದ್ಧಿ, ಸಂಸ್ಕೃತಿ ಮೂರೂ ಸೇರುವ ಜಾಗ ಇದು ಎನ್ನುತ್ತದೆ ಅದರ ತಲೆಬರಹ. ಸಾಂಪ್ರದಾಯಿಕ ಜ್ಞಾನ ನಿಂತ ನೀರಲ್ಲ, ಅದನ್ನು ಜನ ದಿನಾ ಹೊಸದಾಗಿ ಕಟ್ಟುತ್ತಾರೆ ಎಂಬ ನಿಲುವಿನ ಮಾಧವಿ ಸುಂದರ್ ಅವರ 2007ರ ಲೇಖನವೂ ಇದೆ. ಇವು ಒಳ್ಳೆಯ ಕೆಲಸಗಳು. ಬಡದೇಶಗಳ ಪರವಾಗಿ ಯೋಚಿಸುವ ವಿದ್ವತ್ತು. ಆದರೆ ಈ ವಿದ್ವತ್ತಿಗೆ ಬಹಳ ಪ್ರಿಯವಾದ ‘ಸಮುದಾಯ’ ಎಂಬ ಮಾತನ್ನು ನಾವು ಅನುಮಾನದಿಂದ ನೋಡಬೇಕು. ಸಮುದಾಯ ಅಂದರೆ ಒಳಗೆ ಎಲ್ಲರೂ ಒಂದೇ ಎಂಬ ಭಾವ. ಭಾರತದ ಒಂದು ಜಿಲ್ಲೆಯನ್ನು ಸಮುದಾಯ ಅಂತ ಕರೆದರೆ ಊರಿನ ಗೌಡ, ಪೇಟೆಯ ಸಾವುಕಾರ, ಕೇರಿಯ ಸಮಗಾರ ಮೂವರೂ ಅದರಲ್ಲಿ ಬರುತ್ತಾರೆ. ‘ಪರಂಪರೆ’ ಎಂಬ ಮಾತೂ ಹಾಗೆಯೇ. ಜಾತಿ ಬರೀ ಕೆಲಸವನ್ನು ಹಂಚುವುದಿಲ್ಲ, ಕೆಲಸ ಮಾಡುವವರನ್ನೇ ಮೇಲೆ ಕೆಳಗೆ ಅಂತ ಒಡೆದಿಡುತ್ತದೆ ಎಂಬುದನ್ನು ಅಂಬೇಡ್ಕರ್ 1936ರಲ್ಲೇ ತೋರಿಸಿದ್ದರು. ಅಪ್ಪನ ಕಸುಬನ್ನೇ ಮಗ ಮಾಡಬೇಕಾದ ಆ ಕಟ್ಟನ್ನು ಕಾನೂನು ‘ತಲೆಮಾರುಗಳಿಂದ ಬಂದ ಕೌಶಲ’ ಅಂತ ಓದುತ್ತದೆ.

5

ಇಲ್ಲಿ ನಮ್ಮೊಳಗಿನ ಒಂದು ತಕರಾರನ್ನೂ ಎತ್ತಬೇಕು. 1927ರಲ್ಲಿ ಮಹಾಡಿನಲ್ಲಿ ಅಂಬೇಡ್ಕರ್ ಸತ್ತ ದನದ ಮಾಂಸ ಬಿಡಿ, ಹೀನಾಯದ ಕೆಲಸಗಳನ್ನು ಬಿಡಿ ಎಂದರು. ನಮ್ಮ ಚಳವಳಿ ಬೆಳೆದದ್ದು ಆ ಮಾತಿನ ಮೇಲೆ. ಹಾಗಾದರೆ ಚಪ್ಪಲಿಯ ಒಡೆತನ ಕೇಳುವುದು ಹಿಂದಕ್ಕೆ ಹೋದ ಹಾಗಲ್ಲವೆ? ಇನ್ನೊಂದು ಕಡೆ, ಕುಶಲಕರ್ಮಿ ಜಾತಿಗಳ ಜ್ಞಾನ ಮತ್ತು ನೆನಪು ನಾಶವಾದದ್ದೂ ಒಂದು ಹಿಂಸೆಯೇ, ಭೂತಕಾಲವನ್ನು ಪೂರ್ತಿ ಅವಮಾನ ಅಂತ ಎಸೆದರೆ ನಾವೂ ಬರಿಗೈಯಾಗುತ್ತೇವೆ ಎಂಬ ಚಿಂತನೆ ಡಿ.ಆರ್. ನಾಗರಾಜರಿಂದ ಬಂತು. 1993ರ ಅವರ ಇಂಗ್ಲಿಷ್ ಪುಸ್ತಕದ ಸುತ್ತ ನಡೆದ ವಾಗ್ವಾದದಲ್ಲಿ ಎರಡೂ ಕಡೆಯವರಿಗೆ ಹೇಳಲು ಸತ್ಯ ಇತ್ತು.

ನನ್ನ ನಿಲುವು ಇಷ್ಟು. ಕಸುಬನ್ನು ಬಿಡುವ ಹಕ್ಕು, ಕಸುಬಿನ ಮೇಲಿನ ಒಡೆತನದ ಹಕ್ಕು, ಎರಡೂ ಒಂದೇ ಹಕ್ಕಿನ ಎರಡು ಕೈ. ಬಿಡಲು ಸ್ವಾತಂತ್ರ್ಯ ಇಲ್ಲದವನಿಗೆ ಕೊಡುವ ಪರಂಪರೆಯ ಗೌರವ ಬರೀ ಶಾಲು ಹೊದಿಸುವ ಕೆಲಸ. ಒಡೆತನ ಕೊಡದೆ ಬಿಡಿಸಿದರೆ 1871ರ ಜಪಾನಿನ ಹಾಗೆ ಬಿಡುಗಡೆಯ ಜೊತೆಗೆ ಅನ್ನವೂ ಹೋಗುತ್ತದೆ. ಸಮಗಾರರ ಹುಡುಗಿ ಡಾಕ್ಟರಾಗಬೇಕು. ಅವಳಪ್ಪ ಹೊಲಿದ ಚಪ್ಪಲಿಯ ಹೆಸರಿನಿಂದ ಬರುವ ಲಾಭದಲ್ಲಿ ಅವಳಿಗೆ ಪಾಲೂ ಇರಬೇಕು.

ಇದಕ್ಕೆ ಕಾನೂನಿನಲ್ಲಿ ಹಿಡಿಯಲು ಕೊನೆಗಳು ಇಲ್ಲದಿಲ್ಲ. ಉದ್ಯೋಗದಲ್ಲಿ ತಾರತಮ್ಯ ಕೂಡದೆನ್ನುವ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 1958ರ ಒಡಂಬಡಿಕೆಯಲ್ಲಿ ‘ಸಾಮಾಜಿಕ ಮೂಲ’ ಎಂಬ ಮಾತಿದೆ, ಭಾರತ ಅದನ್ನು 1960ರಲ್ಲಿ ಒಪ್ಪಿದೆ. ಜರ್ಮನಿ 2021ರಲ್ಲಿ ಮಾಡಿದ ಪೂರೈಕೆ ಸರಪಳಿ ಕಾಯಿದೆಯೂ ತಾರತಮ್ಯದ ಪಟ್ಟಿಯಲ್ಲಿ ಅಂಥದೇ ಮಾತನ್ನು ಇಟ್ಟುಕೊಂಡಿತು. ಜನಾಂಗಭೇದದ ವಿರುದ್ಧದ 1965ರ ವಿಶ್ವಸಂಸ್ಥೆಯ ಒಡಂಬಡಿಕೆಯಲ್ಲಿ ‘ವಂಶ’ ಎಂಬ ಪದ ಸೇರಿದ್ದು ಭಾರತದ ಸಲಹೆಯಿಂದಲೇ. 2001ರ ಡರ್ಬನ್ ಸಮ್ಮೇಳನದಲ್ಲಿ ಅದೇ ಭಾರತ ಸರ್ಕಾರ ಜಾತಿಯ ಮಾತು ಇಲ್ಲಿ ಬೇಡ ಅಂತ ಹಟ ಹಿಡಿಯಿತು. ಮರುವರ್ಷ ಆ ಒಡಂಬಡಿಕೆಯ ಸಮಿತಿ, ವಂಶ ಅಂದರೆ ಜಾತಿಯೂ ಬರುತ್ತದೆ ಅಂತ ಸ್ಪಷ್ಟ ಮಾಡಿತು. ಈ ಪದಗಳು ಕಾಗದದ ಮೇಲೆ ಸುಮ್ಮನೆ ಮಲಗಿವೆ. ಎಬ್ಬಿಸುವವರು ಬೇಕು.

ಎಬ್ಬಿಸಿದವರೂ ಇದ್ದಾರೆ. 2021ರ ಜನವರಿಯಲ್ಲಿ ತಮಿಳುನಾಡಿನ ದಿಂಡಿಗಲ್ ಸೀಮೆಯಲ್ಲಿ ಹೊರದೇಶಕ್ಕೆ ಬಟ್ಟೆ ಹೊಲಿಯುವ ಕಾರ್ಖಾನೆಯ ದಲಿತ ಯುವತಿಯೊಬ್ಬಳ ಕೊಲೆಯಾಯಿತು. ದಲಿತ ಹೆಣ್ಣುಮಕ್ಕಳ ಮುಂದಾಳತ್ವದ ಕಾರ್ಮಿಕ ಸಂಘ ಒಂದು ವರ್ಷಕ್ಕೂ ಮೇಲೆ ಪಟ್ಟು ಹಿಡಿದು ಹೋರಾಡಿತು. 2022ರ ಏಪ್ರಿಲ್‌ನಲ್ಲಿ ಆ ಸಂಘ, ಕಾರ್ಖಾನೆಯ ಕಂಪನಿ ಮತ್ತು ಎಚ್ ಅಂಡ್ ಎಂ ನಡುವೆ ಒಪ್ಪಂದಗಳಾದವು. ಹೆಣ್ಣುಮಕ್ಕಳ ಮೇಲಿನ ಕಿರುಕುಳದ ಜೊತೆಗೆ ಜಾತಿಯ ತಾರತಮ್ಯವನ್ನೂ ಅಲ್ಲಿ ಹೆಸರಿಟ್ಟು ಬರೆದರು. ಜಾಗತಿಕ ಪೂರೈಕೆ ಸರಪಳಿಯ ಕರಾರುಪತ್ರದೊಳಗೆ ಜಾತಿ ಎಂಬ ಪದ ಬಂದದ್ದು ಯಾವ ವಿದ್ವಾಂಸರ ಸಲಹೆಯಿಂದಲೂ ಅಲ್ಲ. ಸಹಿ ಹಾಕುವ ಮೇಜಿನ ಮುಂದೆ ಆ ಹೆಣ್ಣುಮಕ್ಕಳು ಕೂತಿದ್ದರಿಂದ. ಜಿನೀವಾದಲ್ಲಿ, ಬಾಂಬೆಯಲ್ಲಿ ಖಾಲಿ ಇದ್ದದ್ದು ಆ ಕುರ್ಚಿಯೇ.

ಅಥಣಿಯಲ್ಲೂ ಇದಕ್ಕೆ ತಳಪಾಯ ಇಲ್ಲದಿಲ್ಲ. 1990ರ ದಶಕದ ಕೊನೆಯಲ್ಲಿ ಅಲ್ಲಿಯ ಹೆಣ್ಣುಮಕ್ಕಳ ಸ್ವಸಹಾಯ ಗುಂಪುಗಳು ‘ಟೋಹೋಲ್ಡ್’ ಅಂತ ಬೇರೆಯೇ ಹೆಸರಿಟ್ಟು ಚಪ್ಪಲಿಯನ್ನು ಹೊರದೇಶದ ಮಾರುಕಟ್ಟೆಗೆ ಕಳಿಸಿದ್ದವು. ಲೆಕ್ಕ ಬರೆಯುವುದು, ದರ ಹೇಳುವುದು ಅವರಿಗೆ ಬಾರದ ವಿದ್ಯೆಯಲ್ಲ.

ಹಾಗಾಗಿ ಕೇಳಬೇಕಾದ್ದನ್ನು ಬಿಡಿಸಿ ಕೇಳೋಣ. ಕಾಯಿದೆಯ 2ನೇ ಕಲಮಿನಲ್ಲಿ ಕರಕುಶಲ ವಸ್ತುವಿನ ಉತ್ಪಾದಕ ಅಂದರೆ ಮಾಡುವವನು, ಮಾಡುವವಳು ಮಾತ್ರ ಆಗಬೇಕು. ಲಿಡ್ಕರ್ ಒಡೆಯನಲ್ಲ, ಟ್ರಸ್ಟಿ. ಅದು ಮಾಡುವ ಪ್ರತಿ ಒಪ್ಪಂದ ಕನ್ನಡದಲ್ಲಿ, ಮರಾಠಿಯಲ್ಲಿ ಕೇರಿಯವರ ಮುಂದೆ ಓದಬೇಕು, ಅವರ ಸಹಿ ಅದರ ಮೇಲಿರಬೇಕು. ಹದ ಮಾಡುವವರನ್ನೂ ಹೆಣಿಗೆಯ ಹೆಂಗಸರನ್ನೂ ಬಳಕೆದಾರರ ಪಟ್ಟಿಯಲ್ಲಿ ಬರೆಯಬೇಕು. ಬರುವ ಲಾಭದಲ್ಲಿ ಒಂದು ಪಾಲು ಕಸುಬು ಬಿಟ್ಟು ಓದಲು ಹೊರಟ ಮಕ್ಕಳಿಗೆ ಮೀಸಲಾಗಬೇಕು.

ಇದೆಲ್ಲ ಸಾಹಿತ್ಯ ಪತ್ರಿಕೆಯ ಕೆಲಸವೆ ಅಂತ ಯಾರಾದರೂ ಕೇಳಬಹುದು. ಭೌಗೋಳಿಕ ಸೂಚಕದ ಅರ್ಜಿಯಲ್ಲಿ ‘ಮೂಲಕ್ಕೆ ಚಾರಿತ್ರಿಕ ಪುರಾವೆ’ ಅಂತ ಒಂದು ಭಾಗ ಇದೆ ಎಂದೆನಲ್ಲ, ಅಲ್ಲಿ ಬರೆಯುವುದು ಚರಿತ್ರೆ, ಅಂದರೆ ಕಥನ. ಈ ಚಪ್ಪಲಿಯನ್ನು ಯಾರು, ಯಾವ ಕೇರಿಯಲ್ಲಿ, ಏನನ್ನು ಉಂಡು, ಯಾರ ಬೈಗುಳ ಕೇಳಿಕೊಂಡು ಮಾಡಿದರು ಎಂಬುದನ್ನು ಆ ಭಾಗದಲ್ಲಿ ಬರೆಯಬೇಕಾದವರು ನಾವು. ಕಾನೂನು ಓದುತ್ತಿರುವ ನಮ್ಮ ಹುಡುಗ ಹುಡುಗಿಯರು ಆ ಅರ್ಜಿಗಳನ್ನು ತರಿಸಿಕೊಂಡು ಓದಲಿ. ಡೋರರ ಓಣಿಗೆ, ಸಮಗಾರರ ಓಣಿಗೆ ಹೋಗಿ ಕೂತು ಕೇಳಿ ಬರೆಯಲಿ. ದಲಿತ ವಿಮರ್ಶೆಯ ಮುಂದಿನ ಸಂಚಿಕೆಗೆ ಆ ಬರಹಗಳು ಬಂದರೆ ಈ ಲೇಖನ ಬರೆದದ್ದಕ್ಕೂ ಒಂದು ಅರ್ಥ ಬರುತ್ತದೆ.